ಹೊಗೆಯ ತುರ್ತು ಪರಿಸ್ಥಿತಿ

1971ರ ನವೆಂಬರ್ ಮಧ್ಯಭಾಗ. ಅಮೆರಿಕದ ಅಲಬಾಮ ರಾಜ್ಯದಲ್ಲಿ ಗುಡ್ಡಸಾಲುಗಳ ನಡುವಿನ ಕಣಿವೆಯಲ್ಲಿರುವ ಉಕ್ಕಿನ ಊರು ಬರ್ಮಿಂಗ್‌ಹ್ಯಾಮ್. ಅಲ್ಲಿ ಗಾಳಿಯ ಚಲನೆ ನಿಂತಿತು. 15ರಂದು ಒಂದು ಘನ ಮೀಟರ್ ಗಾಳಿಯಲ್ಲಿ 771 ಮೈಕ್ರೊಗ್ರಾಮ್ ತೇಲುಕಣಗಳಿದ್ದವು. ಆಗಿನ ದೈನಿಕ ಮಾನಕ 260.

ಕಾರ್ಖಾನೆಗಳು ಅಂದು ಹೆಚ್ಚಾಗಿ ಹೊಗೆ ಉಗುಳಿದ್ದವೆ? ಹಾಗೇನಲ್ಲ. ಸಾಮಾನ್ಯವಾಗಿ ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಆದ್ದರಿಂದ ನೆಲದ ಬಳಿಯ ಬೆಚ್ಚನೆಯ ಗಾಳಿ ಮೇಲೇರಿ ಹೊಗೆಯನ್ನು ಕೊಂಡೊಯ್ಯುತ್ತದೆ. ಕೆಲವೊಮ್ಮೆ ತಣ್ಣನೆಯ ಗಾಳಿ ಕೆಳಗುಳಿದು ಅದರ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುತ್ತದೆ. ಇದೇ ಉಷ್ಣತಾ ವಿಪರ್ಯಯ. ಹೊಗೆಗೆ ಆಗ ದಾರಿ ಇಲ್ಲ. 1952ರಲ್ಲಿ ಲಂಡನ್ನಿನಲ್ಲಿ ಸಾವಿರಾರು ಮಂದಿ ಸತ್ತದ್ದು ಇಂಥದೇ ಮುಚ್ಚಳದಡಿ.

ಹೊಗೆ ತಗ್ಗಿಸಿರೆಂದು ಸ್ಥಳೀಯ ಆರೋಗ್ಯ ಇಲಾಖೆ ಕಾರ್ಖಾನೆಗಳನ್ನು ಕೇಳಿಕೊಂಡಿತು, ಬೇಕಾದಷ್ಟು ತಗ್ಗಲಿಲ್ಲ. ಆಗ ನೆರವಿಗೆ ಬಂದದ್ದು 1970ರ ಶುದ್ಧ ವಾಯು ಕಾಯಿದೆಯ 303ನೆಯ ಕಲಮು. ಜನರ ಆರೋಗ್ಯಕ್ಕೆ ಸನ್ನಿಹಿತವೂ ಗಣನೀಯವೂ ಆದ ಅಪಾಯವಿದ್ದು, ಸ್ಥಳೀಯ ಆಡಳಿತ ಕ್ರಮ ಕೈಗೊಳ್ಳದಿದ್ದರೆ, ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದಿತ್ತು. 18ರ ಬೆಳಗಾಗುವ ಮುನ್ನವೇ ನ್ಯಾಯಾಧೀಶ ಸ್ಯಾಮ್ ಪಾಯಿಂಟರ್ ಆದೇಶ ಹೊರಡಿಸಿದರು. 23 ಕಂಪನಿಗಳು ಕೆಲಸ ನಿಲ್ಲಿಸಬೇಕಾಯಿತು, ಇಲ್ಲವೆ ತಗ್ಗಿಸಬೇಕಾಯಿತು. ಈ ಅಧಿಕಾರದ ಮೊದಲ ಬಳಕೆ ಇದು. ಮರುದಿನದ ಹೊತ್ತಿಗೆ ಮಳೆ ಬಂದು ಗಾಳಿ ತಿಳಿಯಾಯಿತು, ಆದೇಶವೂ ತೆರವಾಯಿತು. ಕೀರ್ತಿಯಲ್ಲಿ ಮಳೆಗೂ ಪಾಲಿದೆಯೆನ್ನಿ!

ನಮ್ಮಲ್ಲಿಯೂ ಇಂಥ ಅಧಿಕಾರವಿದೆ. 1981ರ ವಾಯು ಕಾಯಿದೆಗೆ 1987ರಲ್ಲಿ ಸೇರಿದ 31-ಎ ಕಲಮಿನಂತೆ, ಮಾಲಿನ್ಯ ನಿಯಂತ್ರಣ ಮಂಡಳಿಯು ಕಾರ್ಖಾನೆಯನ್ನು ಮುಚ್ಚಿಸಬಹುದು, ವಿದ್ಯುತ್ತು, ನೀರುಗಳನ್ನೂ ಕಡಿತಗೊಳಿಸಬಹುದು. ದೆಹಲಿ ಪ್ರದೇಶಕ್ಕೆ 2017ರಲ್ಲಿ ಹಂತಹಂತದ ಯೋಜನೆಯೊಂದು ಬಂದಿತು: ಗಾಳಿ ಕೆಟ್ಟಷ್ಟೂ ನಿರ್ಬಂಧ ಬಿಗಿ.

ಆದರೆ ಉಕ್ಕಿನ ಕಾರ್ಖಾನೆ ಸ್ವಿಚ್ಚು ಒತ್ತಿದರೆ ಆರುವ ದೀಪವಲ್ಲ. ಕೋಕ್ ಒಲೆಯನ್ನು ಥಟ್ಟನೆ ತಣಿಸಿದರೆ ಒಳಗಿನ ಇಟ್ಟಿಗೆಗಳು ಬಿರಿಯುತ್ತವೆ. ಮುನ್ಸೂಚನೆಗೆ ಬೆಲೆ ಇರುವುದು ಇಲ್ಲಿಯೇ. 2022ರಲ್ಲಿ ದೆಹಲಿಯ ಯೋಜನೆಯನ್ನು ತಿದ್ದಿದಾಗ, ಗಾಳಿ ಕೆಡುವವರೆಗೆ ಕಾಯದೆ ಹವಾಮಾನದ ಮುನ್ಸೂಚನೆ ನೋಡಿ ಮೂರು ದಿನ ಮೊದಲೇ ಕ್ರಮ ಆರಂಭಿಸಲು ಅವಕಾಶ ಮಾಡಲಾಯಿತು.