ಮಂಜುಗಡ್ಡೆಯ ಮೇಲೆ ಮಲಗಿದ ತಾರೆ

ಮಕ್ಕಳೇ, ಸಿನಿಮಾಕ್ಕೆ ಮಾತೇ ಬಾರದ ಕಾಲವೊಂದಿತ್ತು. ಅಳು, ನಗು, ಭಯ ಎಲ್ಲವನ್ನೂ ನಟರು ಮುಖದಲ್ಲೇ ತೋರಿಸಬೇಕಿತ್ತು. ಆ ಮೂಕಿ ಚಿತ್ರಗಳ ಕಾಲದಲ್ಲಿ ಅಮೆರಿಕದಲ್ಲಿ ಮನೆಮಾತಾದವರು ಲಿಲಿಯನ್ ಗಿಶ್.

ಲಿಲಿಯನ್ ಹುಟ್ಟಿದ್ದು 1893ರಲ್ಲಿ, ಒಹಾಯೊ ರಾಜ್ಯದಲ್ಲಿ. ತಂದೆ ಮನೆ ಬಿಟ್ಟುಹೋದಾಗ ಹೊಟ್ಟೆಪಾಡಿಗಾಗಿ ತಾಯಿ ನಾಟಕಕ್ಕೆ ಸೇರಿದರು. ಎಳೆಯ ಲಿಲಿಯನ್ ಮತ್ತು ತಂಗಿ ಡೊರೊತಿ ಕೂಡ ರಂಗವೇರಿದರು. 1912ರಲ್ಲಿ ಅಕ್ಕತಂಗಿಯರಿಬ್ಬರೂ ನಿರ್ದೇಶಕ ಗ್ರಿಫಿತ್ ಅವರ ಚಿತ್ರದಲ್ಲಿ ನಟಿಸಿದರು.

1920ರ ‘ವೇ ಡೌನ್ ಈಸ್ಟ್’ ಚಿತ್ರದಲ್ಲಿ ನಾಯಕಿ ಪ್ರಜ್ಞೆ ತಪ್ಪಿ, ನದಿಯಲ್ಲಿ ತೇಲುವ ಮಂಜುಗಡ್ಡೆಯ ಮೇಲೆ ಬಿದ್ದಿರುತ್ತಾಳೆ. ಒಂದು ಕೈಯನ್ನು ನೀರಿಗೆ ಇಳಿಬಿಡುವ ಉಪಾಯ ಲಿಲಿಯನ್ ಅವರದೇ. ಕಂಪ್ಯೂಟರಿನ ಕೈಚಳಕ ಆಗ ಎಲ್ಲಿತ್ತು? ಮಂಜೂ ನಿಜ, ಕೊರೆಯುವ ನೀರೂ ನಿಜ. ಆ ಕೈಯ ತೊಂದರೆ ಬಹುಕಾಲ ಅವರನ್ನು ಕಾಡಿತು.

ಮುಂದೆ ಸಿನಿಮಾ ಮಾತು ಕಲಿತಿತು. ಎಷ್ಟೋ ಮೂಕಿ ತಾರೆಯರು ಮರೆಯಾದರು. ಲಿಲಿಯನ್ ಮಾತ್ರ ಎದೆಗುಂದದೆ ನಾಟಕಕ್ಕೆ ಮರಳಿದರು, ಟಿ.ವಿ.ಯಲ್ಲೂ ನಟಿಸಿದರು. 1987ರಲ್ಲಿ ತೆರೆಕಂಡ ‘ದಿ ವೇಲ್ಸ್ ಆಫ್ ಆಗಸ್ಟ್’ನಲ್ಲಿ ನಟಿಸುವಾಗ ಅವರಿಗೆ 90 ದಾಟಿತ್ತು! 1993ರಲ್ಲಿ, 99ನೇ ವಯಸ್ಸಿನಲ್ಲಿ ಕಣ್ಮುಚ್ಚಿದರು.

ಇಂದು ಸಂಜೆ ಅಜ್ಜ-ಅಜ್ಜಿಯ ಮುಂದೆ ಒಂದು ಕಥೆಯನ್ನು ಮಾತಿಲ್ಲದೆ ಅಭಿನಯಿಸಿ ನೋಡಿ. ಅದೆಷ್ಟು ಕಷ್ಟವೆಂದು ತಿಳಿಯುತ್ತದೆ.