ಕಣ್ಣೀರಿನ ಗ್ರಂಥಿಗೊಂದು ಕರೆ

ಚೆನ್ನೈನ ನುಂಗಂಬಾಕ್ಕಂನ ಕಾಲೇಜ್ ರೋಡಿನಲ್ಲಿರುವ ಕಣ್ಣಾಸ್ಪತ್ರೆ ಶಂಕರ ನೇತ್ರಾಲಯವನ್ನು ಡಾ. ಎಸ್.ಎಸ್. ಬದ್ರಿನಾಥ್ ಕಟ್ಟಿದ್ದು 1978ರಲ್ಲಿ. ಕಣ್ಣು ಪೂರ್ತಿ ಬತ್ತಿಹೋದ ರೋಗಿಗಳಿಗೆ ಅಲ್ಲಿ ಮಾಡುವ ಒಂದು ಶಸ್ತ್ರಚಿಕಿತ್ಸೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ರೋಗಿಯದೇ ಕೋರೆಹಲ್ಲನ್ನು ಬೇರಿನ ಸಮೇತ ತೆಗೆದು, ತೂತು ಕೊರೆದು, ಪ್ಲಾಸ್ಟಿಕ್ ಮಸೂರ ಕೂರಿಸಿ ಕಣ್ಣಿಗೆ ಜೋಡಿಸುತ್ತಾರೆ. ಔಷಧ ಒಗ್ಗದೆ ಬರುವ ಸ್ಟೀವನ್ಸ್-ಜಾನ್ಸನ್ ಕಾಯಿಲೆ ಕೆಲವರನ್ನು ಈ ಸ್ಥಿತಿಗೆ ತರುತ್ತದೆ. ಕಣ್ಣೀರೇ ಇಲ್ಲದ ಕಣ್ಣಿನಲ್ಲಿ ದಾನಿಯ ಕಾರ್ನಿಯಾ ಉಳಿಯುವುದು ಕಷ್ಟ.

ಆದರೆ ಕಣ್ಣುರಿ, ಮರಳು ಬಿದ್ದಂಥ ಚುಚ್ಚುವಿಕೆ ಎಂದು ಬರುವ ಬಹುತೇಕರ ಕಣ್ಣೀರಿನ ಗ್ರಂಥಿ ಸತ್ತಿರುವುದಿಲ್ಲ. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ, ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಯಿತೆಂದು ಅಳೆಯುತ್ತಾರೆ. 5 ಮಿಲಿಮೀಟರ್ ದಾಟದಿದ್ದರೆ ನೀರು ತೀರಾ ಕಡಿಮೆ ಎಂದರ್ಥ. ಇಂಥವರಿಗೆ ಕೃತಕ ಕಣ್ಣೀರಿನ ಡ್ರಾಪ್ಸ್ ಬರೆದುಕೊಡುವುದು ವಾಡಿಕೆ. ಅದು ಸ್ವಲ್ಪ ಹೊತ್ತಿನ ಸಮಾಧಾನ. ಗ್ರಂಥಿಯನ್ನೇ ಎಬ್ಬಿಸುವ ದಾರಿಗೆ ಹೆಚ್ಚು ಗಮನ ಸಲ್ಲಬೇಕು ಎಂದು ನನಗನಿಸುತ್ತದೆ.

ಕಾರ್ನಿಯಾದ ನರಗಳು ಒಣಗಿದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ಅಲ್ಲಿಂದ ಮರಳುವ ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಸುರಿಯುತ್ತದೆ, ಗ್ರಂಥಿಯ ಜೀವಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ನೀರು ಹೊರಬರುತ್ತದೆ. ಸಿಗರೇಟು ಬಿಡಿಸಲು ಕೊಡುತ್ತಿದ್ದ ವ್ಯಾರೆನಿಕ್ಲೀನ್ ಈ ದಾರಿಯನ್ನೇ ಹಿಡಿಯಿತು. ಮೂಗಿಗೆ ಸಿಂಪಡಿಸಿದರೆ ಅಲ್ಲಿನ ನರ ಕೆರಳಿ ಕಣ್ಣು ತೇವವಾಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಜಪಾನ್ 2010ರಲ್ಲೇ ಒಪ್ಪಿದ ಡೈಕ್ವಾಫೊಸಾಲ್ ಹನಿ ಕಣ್ಣಿನ ಮೇಲ್ಪದರದಿಂದಲೇ ನೀರು, ಲೋಳೆ ಎರಡನ್ನೂ ತರಿಸುತ್ತದೆ.

ಹಾರ್ಮೋನಿನ ಕಥೆ ಇಷ್ಟು ಸಲೀಸಲ್ಲ. ಕಣ್ಣೀರು ಬೇಗ ಆರದಂತೆ ಕಾಯುವ ರೆಪ್ಪೆಯಂಚಿನ ಎಣ್ಣೆಗ್ರಂಥಿಗಳು ಚೆನ್ನಾಗಿರಲು ಗಂಡು ಹಾರ್ಮೋನಾದ ಆಂಡ್ರೊಜನ್ ಬೇಕು, ಹೆಂಗಸರಿಗೂ. ಮುಟ್ಟು ನಿಂತವರಿಗೆ ಈಸ್ಟ್ರೊಜನ್ ಕೊಟ್ಟರೆ ಕಣ್ಣು ಸರಿಹೋದೀತು ಎಂಬ ಊಹೆಗೆ 2001ರ ಅಮೆರಿಕದ ಅಧ್ಯಯನ ತಣ್ಣೀರೆರಚಿತು. 25 ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ, ಬರೀ ಈಸ್ಟ್ರೊಜನ್ ತೆಗೆದುಕೊಳ್ಳುತ್ತಿದ್ದವರಲ್ಲೇ ಕಣ್ಣು ಒಣಗುವ ತೊಂದರೆ ಹೆಚ್ಚಿತ್ತು. ಹಾಗಾಗಿ ಕಣ್ಣಿಗೆಂದು ಯಾರೂ ತಾವಾಗಿ ಹಾರ್ಮೋನ್ ಮಾತ್ರೆ ಶುರುಮಾಡಬಾರದು.

ಇನ್ನೊಂದು ಮಾತು. ಶೀತ, ಅಲರ್ಜಿಗೆ ನುಂಗುವ ಹಳೆಯ ಬಗೆಯ ಕೆಲವು ಮಾತ್ರೆಗಳು ಅಸಿಟೈಲ್‌ಕೋಲಿನ್‌ಗೆ ಅಡ್ಡ ನಿಂತು ಕಣ್ಣೀರನ್ನೂ ತಡೆಯುತ್ತವೆ. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ.