ಪ್ರತಿಭಾವಂತ ಮಕ್ಕಳು ಮತ್ತು ಸರ್ಕಾರಿ ಶಾಲೆ: ಅರಸೀಕೆರೆ ಹೋಬಳಿಯ ನೆಲೆಯಿಂದ ಒಂದು ವಿವೇಚನೆ

ಪ್ರತಿಭೆ ಎಂಬುದು ನಮ್ಮ ಕಾವ್ಯಮೀಮಾಂಸೆಯ ಹಳೆಯ ಪರಿಭಾಷೆ. ಹೊಸತನ್ನು ಕಾಣುವ ಸಹಜ ಶಕ್ತಿಯನ್ನು ಪ್ರತಿಭೆ ಎಂದು ಕರೆದ ಆಲಂಕಾರಿಕರು ಅದರೊಡನೆ ವ್ಯುತ್ಪತ್ತಿ ಮತ್ತು ಅಭ್ಯಾಸಗಳನ್ನು ಸೇರಿಸಲು ಮರೆಯಲಿಲ್ಲ. ಹುಟ್ಟಿನಿಂದ ಬಂದ ಶಕ್ತಿಗೆ ವಿಸ್ತಾರವಾದ ಅರಿವೂ ಎಡೆಬಿಡದ ಸಾಧನೆಯೂ ಕೂಡಿದಾಗಲೇ ಅದು ಫಲಿಸುತ್ತದೆ ಎಂಬುದು ಅವರ ನಿಲುವು. ಇಂದಿನ ಶಾಲಾ ಶಿಕ್ಷಣದಲ್ಲಿ ಪ್ರತಿಭೆಯನ್ನು ಆರಿಸುವುದಕ್ಕೆ ದೊರೆತಿರುವ ಗಮನ ಅದನ್ನು ಬೆಳೆಸುವುದಕ್ಕೆ ದೊರೆತಿಲ್ಲ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಹೋಬಳಿಯನ್ನು ಮುಂದಿಟ್ಟುಕೊಂಡು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಳತೆಯ ಚರಿತ್ರೆ

ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಬುದ್ಧಿಪರೀಕ್ಷೆಯನ್ನು ರೂಪಿಸಿದ್ದು ಕಲಿಕೆಯಲ್ಲಿ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ. ಅದನ್ನು ಅತಿಬುದ್ಧಿವಂತರ ಆಯ್ಕೆಗೆ ವ್ಯಾಪಕವಾಗಿ ಬಳಸಿದವರು ಅಮೆರಿಕದ ಲೂಯಿಸ್ ಟರ್ಮನ್. ಅವರು 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಸುದೀರ್ಘ ಅಧ್ಯಯನದಲ್ಲಿ, ನಿಗದಿತ ಅಂಕ ದೊರೆಯದ ಕಾರಣ ಹೊರಗುಳಿದ ಬಾಲಕರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್ ಇದ್ದರು. ಮುಂದೆ ಇವರಿಬ್ಬರೂ ಕ್ರಮವಾಗಿ 1956 ಮತ್ತು 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದರು. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಬಿನೆ ಪರೀಕ್ಷೆಯನ್ನು ಪರಿಷ್ಕರಿಸಿದ ಕೀರ್ತಿ ವಿ.ವಿ. ಕಾಮತರದು; ಅವರ ಗ್ರಂಥ 1940ರಲ್ಲಿ ಪ್ರಕಟವಾಯಿತು. ಬೇರೆ ಸಮಾಜದಲ್ಲಿ ಹುಟ್ಟಿದ ಅಳತೆಗೋಲನ್ನು ಹಾಗೆಯೇ ಇಲ್ಲಿನ ಮಗುವಿನ ಮುಂದೆ ಹಿಡಿಯಲಾಗದು ಎಂಬ ಎಚ್ಚರ ಆ ಕಾಲಕ್ಕೇ ಇದ್ದಿತು.

1978ರಲ್ಲಿ ಜೋಸೆಫ್ ರೆನ್ಜುಲಿ ಈ ವಿಚಾರಕ್ಕೆ ಹೊಸ ತಿರುವು ನೀಡಿದರು. ಸರಾಸರಿಗಿಂತ ಮೇಲಾದ ಸಾಮರ್ಥ್ಯ, ಹಿಡಿದ ಕೆಲಸದಲ್ಲಿ ನಿಷ್ಠೆ, ಸೃಜನಶೀಲತೆ ಈ ಮೂರೂ ಕೂಡುವೆಡೆಯಲ್ಲಿ ಪ್ರತಿಭೆ ಪ್ರಕಟವಾಗುತ್ತದೆ ಎಂಬುದು ಅವರ ವಾದ. ಇವುಗಳಲ್ಲಿ ಕೊನೆಯ ಎರಡನ್ನು ಎರಡು ಗಂಟೆಗಳ ಪ್ರಶ್ನೆಪತ್ರಿಕೆ ಅಳೆಯಲಾರದು. ಮಗುವಿನೊಡನೆ ದಿನವೂ ಇರುವ ಶಿಕ್ಷಕರು ಮಾತ್ರ ಕಾಣಬಲ್ಲರು.

ಗಡಿ, ಗುಳೆ ಮತ್ತು ಪರೀಕ್ಷೆ

2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಹರಪನಹಳ್ಳಿಯನ್ನು ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಸಾಲಿನಲ್ಲಿ ಸೇರಿಸಿತು. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಈ ಬದಲಾವಣೆಗೂ ನಮ್ಮ ವಿಷಯಕ್ಕೂ ಸಂಬಂಧವಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಬೆಳೆದ ಜವಾಹರ ನವೋದಯ ವಿದ್ಯಾಲಯಗಳಲ್ಲಿ ಆಯಾ ಜಿಲ್ಲೆಯ ಮಕ್ಕಳಿಗಷ್ಟೇ ಆರನೆಯ ತರಗತಿಗೆ ಪ್ರವೇಶ. ಸ್ಥಾನಗಳಲ್ಲಿ ಕನಿಷ್ಠ ಶೇಕಡ 75ರಷ್ಟು ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ತಾಲ್ಲೂಕು ದಾವಣಗೆರೆಗೆ ಸೇರಿದ್ದಾಗ ಅರಸೀಕೆರೆಯ ಮಗು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯ ಕಡೆ ನೋಡಬೇಕಿತ್ತು. ಆದರೆ ಬಳ್ಳಾರಿ ಜಿಲ್ಲೆಗೆಂದು ಸ್ಥಾಪಿತವಾದ ನವೋದಯವು ನೆರೆಯ ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯಲ್ಲಿದೆ. ಮಗುವಿನ ಬುದ್ಧಿ ಬದಲಾಗಲಿಲ್ಲ, ಜಿಲ್ಲೆಯ ಗೆರೆ ಬದಲಾಯಿತು.

ನವೋದಯದಿಂದ ಹಳ್ಳಿಯ ಮಕ್ಕಳಿಗೆ ಆಗಿರುವ ಉಪಕಾರ ದೊಡ್ಡದು. ಆದರೆ ಒಂದು ವಿದ್ಯಾಲಯ ವರ್ಷಕ್ಕೆ ಆರನೆಯ ತರಗತಿಗೆ ಸೇರಿಸಿಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು. ಆ ಪರೀಕ್ಷೆ ಬರೆಯಲು ಒಂದು ಮಗುವಿಗೆ ಒಂದೇ ಅವಕಾಶ. ಮಳೆಯಾಶ್ರಿತ ಬೇಸಾಯದ ಈ ಸೀಮೆಯಲ್ಲಿ ಮುಂಗಾರಿನ ಬೆಳೆ ಕೈಸೇರಿದ ಮೇಲೆ ತಾಂಡಾಗಳ ಅನೇಕ ಕುಟುಂಬಗಳು ಮಲೆನಾಡಿನ ಕಾಫಿ ಕೊಯ್ಲಿಗೆ, ಮಂಡ್ಯದ ಕಡೆಗೆ ಕಬ್ಬು ಕಡಿಯಲು ಗುಳೆ ಹೋಗುತ್ತವೆ. ನವೋದಯದ ಪರೀಕ್ಷೆ ಹಲವು ವರ್ಷ ನಡೆದಿರುವುದು ಜನವರಿಯಲ್ಲಿ, ಅಂದರೆ ಕಾಫಿ ಕೊಯ್ಲು ಭರದಲ್ಲಿರುವ ದಿನಗಳಲ್ಲಿ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ ಕಲಿಯುತ್ತ, ತೋಟದಲ್ಲಿ ತೂಗಿದ ಹಣ್ಣಿನ ಕೂಲಿಯನ್ನು ಬಾಯಿಲೆಕ್ಕದಲ್ಲಿ ಹೇಳಬಲ್ಲ ಮಗುವೊಂದು ಅಂದು ಪರೀಕ್ಷಾ ಕೊಠಡಿಯಲ್ಲಿ ಇರುವುದಿಲ್ಲ. ಗೈರುಹಾಜರಿ ಎಂದು ದಾಖಲಾಗುವುದನ್ನು ನಾವು ಪ್ರತಿಭೆಯ ಅಭಾವವೆಂದು ಓದುತ್ತಿದ್ದೇವೆ.

ಇದಕ್ಕಿಂತ ಭಿನ್ನವಾದುದು 2008ರಲ್ಲಿ ಆರಂಭವಾದ ರಾಷ್ಟ್ರೀಯ ಸಾಧನೆ ಮತ್ತು ಅರ್ಹತೆ ಆಧಾರಿತ ವಿದ್ಯಾರ್ಥಿವೇತನ. ಎಂಟನೆಯ ತರಗತಿಯಲ್ಲಿ ಪರೀಕ್ಷೆ ನಡೆಸಿ, ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ನೀಡುವ ಈ ಯೋಜನೆ ಬಡ ಕುಟುಂಬದ ಮಗುವನ್ನು ತನ್ನ ಶಾಲೆಯಲ್ಲೇ ಉಳಿಸುತ್ತದೆ. ಆದರೆ ಉಳಿದ ಮಗುವಿಗೆ ತರಗತಿಯಲ್ಲಿ ಏನನ್ನು ಕಲಿಸಬೇಕೆಂಬ ಪ್ರಶ್ನೆಗೆ ಅದು ಉತ್ತರಿಸುವುದಿಲ್ಲ. ಒಂದು ಯೋಜನೆ ಮಗುವನ್ನು ಶಾಲೆಯಿಂದ ಕರೆದೊಯ್ಯುತ್ತದೆ; ಇನ್ನೊಂದು ಹಣವನ್ನು ತಂದುಕೊಡುತ್ತದೆ. ಪಾಠ ಮಾತ್ರ ಇದ್ದಲ್ಲೇ ಇದೆ.

ಏಣಿ ನಿಲ್ಲುವ ಜಾಗ

ಪಾಠವೇ ಬದಲಾದ ಪ್ರಯೋಗ ನಮ್ಮ ಸರ್ಕಾರಿ ಶಾಲೆಗಳಲ್ಲಿ ನಡೆದಿದೆ. ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಮೊಳೆತ ನಲಿ-ಕಲಿ ಪದ್ಧತಿ, 2009-10ರ ನಂತರ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಇದರಲ್ಲಿ ಕಲಿಕಾ ಏಣಿಯೊಂದಿದ್ದು, ಪ್ರತಿ ಮಗುವೂ ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲೇರುತ್ತದೆ. ಕೆಲವು ವಾರ ಶಾಲೆ ತಪ್ಪಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು; ಬೇಗ ಕಲಿತ ಮಗು ಕಾಯಬೇಕಾಗಿಲ್ಲ. ನಿಧಾನ ಕಲಿಯುವವರಿಗೆ ನೆರವಾಗುವ ವ್ಯವಸ್ಥೆಯೇ ಪ್ರತಿಭಾವಂತರಿಗೂ ನೆರವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಈ ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕನೆಯ ತರಗತಿಯಿಂದ ಎಲ್ಲರೂ ಒಂದೇ ದಿನ ಒಂದೇ ಪುಟವನ್ನು ತೆರೆಯಬೇಕು. ಕುತೂಹಲ ಚಿಗುರುವ ವಯಸ್ಸಿನಲ್ಲೇ ಬೇಗ ಕಲಿಯುವ ಮಗು ಸುಮ್ಮನೆ ಕೂರುವುದನ್ನು ಕಲಿಯುತ್ತದೆ. ಸುಮ್ಮನೆ ಕೂರದಿದ್ದರೆ ತುಂಟನೆನಿಸಿಕೊಳ್ಳುತ್ತದೆ.

ಈ ಏಣಿಯನ್ನು ಮೇಲಿನ ತರಗತಿಗಳಿಗೂ ಚಾಚುವುದು ಅಸಾಧ್ಯವಲ್ಲ. ಪಾಠಕ್ಕೆ ಮೊದಲೇ ಚಿಕ್ಕ ಪರೀಕ್ಷೆ ನಡೆಸಿ, ವಿಷಯ ಬಲ್ಲ ಮಗುವಿಗೆ ಅದೇ ಬಗೆಯ ಲೆಕ್ಕಗಳನ್ನು ಹೆಚ್ಚಿಸದೆ ಆಳವಾದ ಪ್ರಶ್ನೆಯೊಂದನ್ನು ಕೊಡಬಹುದು. ಒಂದು ಎಕರೆ ಹೊಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಎಷ್ಟು ನೀರಾಯಿತು? ಸುಮಾರು 40,000 ಲೀಟರ್ ಎಂಬ ಉತ್ತರಕ್ಕೆ ಬರಬೇಕಾದರೆ ವಿಸ್ತೀರ್ಣ, ಘನಫಲ, ದಶಮಾಂಶ ಎಲ್ಲವೂ ಬೇಕು. ಆ ನೀರೆಲ್ಲ ಎಲ್ಲಿಗೆ ಹೋಯಿತು ಎಂಬ ಮರುಪ್ರಶ್ನೆ ಊರಿನ ಕೆರೆಯ ಏರಿಯವರೆಗೆ ಕರೆದೊಯ್ಯುತ್ತದೆ.

ಒಂದೊಂದು ಶಾಲೆಯಲ್ಲಿ ಇಂತಹ ಮಕ್ಕಳು ಒಬ್ಬಿಬ್ಬರೇ ಇರುವುದರಿಂದ ಅವರಿಗೆ ಸಮಾನಾಸಕ್ತರ ಜೊತೆ ಅಗತ್ಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲೆ ಮತ್ತು ಶಾಲಾಸಮೂಹದ ಮಟ್ಟದಲ್ಲಿ ವಿಷಯಾಧಾರಿತ ಬಳಗಗಳನ್ನು ಸೂಚಿಸಿದೆ. ಸಮೂಹ ಸಂಪನ್ಮೂಲ ಕೇಂದ್ರಗಳು ನಮ್ಮಲ್ಲಿ ಈಗಾಗಲೇ ಇವೆ. ಅಲ್ಲಿ ತಿಂಗಳಿಗೊಂದು ದಿನ ಮಕ್ಕಳಿಗೆಂದು ಮೀಸಲಾದರೆ ಹೊಸ ಕಟ್ಟಡ ಬೇಕಿಲ್ಲ. ಆಯ್ಕೆಗೂ ಒಂದು ದಿನದ ಅಂಕದ ಬದಲು ಶಿಕ್ಷಕರು ವರ್ಷವಿಡೀ ಬರೆದಿಟ್ಟ ಗಮನಿಕೆ ಆಧಾರವಾಗಬಹುದು. ಮಗು ಏನನ್ನು ಉತ್ತರಿಸಿತು ಎಂಬುದರ ಜೊತೆಗೆ ಏನನ್ನು ಕೇಳಿತು ಎಂಬುದೂ ಆ ಪುಸ್ತಕದಲ್ಲಿರಬೇಕು. ಗುಳೆ ಹೋಗುವ ಕುಟುಂಬದೊಡನೆ ಅದು ಮುಂದಿನ ಶಾಲೆಗೂ ಹೋಗಬೇಕು.

ಆಯ್ಕೆಯಾಗಿ ಹೋದ ಮಕ್ಕಳ ಬಗ್ಗೆ ಊರು ಹೆಮ್ಮೆಪಡುವುದು ಸಹಜ. ಆದರೆ ಸರ್ಕಾರಿ ಶಾಲೆಯ ಸತ್ತ್ವವನ್ನು ತಿಳಿಯಬೇಕಾದರೆ, ಆಯ್ಕೆಯ ಪಟ್ಟಿ ಪ್ರಕಟವಾದ ಮರುದಿನ ಅದೇ ಬೆಂಚಿನಲ್ಲಿ ಕುಳಿತಿರುವ ಮಗುವಿಗೆ ಅದು ಏನನ್ನು ಕೊಡುತ್ತದೆ ಎಂಬುದನ್ನು ನೋಡಬೇಕು. ವ್ಯುತ್ಪತ್ತಿ, ಅಭ್ಯಾಸಗಳಿಗೆ ಅವಕಾಶ ದೊರೆಯಬೇಕಾದುದು ಅಲ್ಲಿಯೇ.